ಒಂದೇ ರೆಪೊದಿಂದ ಹಲವು ಸರ್ವರ್‌ಗಳಿಗೆ: ನಿಕ್ಸ್‌ಓಎಸ್ ಡಿಪ್ಲಾಯ್ ಮಾಡುವ ಕ್ರಮ

ನಿಕ್ಸ್‌ಓಎಸ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕರ್ನಲ್‌ನಿಂದ ಹಿಡಿದು ಫೈರ್‌ವಾಲ್‌ವರೆಗೆ ಯಂತ್ರ ಹೇಗಿರಬೇಕೆಂಬುದನ್ನೆಲ್ಲ ನಿಕ್ಸ್ ಭಾಷೆಯ ಫೈಲುಗಳಲ್ಲಿ ಬರೆದಿಡುತ್ತೇವೆ. ಯಂತ್ರ ಒಂದೇ ಇದ್ದರೆ ಅದರ ಮುಂದೆ ಕುಳಿತು ‘ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್’ ಹೊಡೆದರೆ ಕೆಲಸ ಮುಗಿಯಿತು. ಯಂತ್ರಗಳು ನಾಲ್ಕಾಗಿ, ಬೇರೆ ಬೇರೆ ಕಡೆ ದೂರದಲ್ಲಿದ್ದಾಗ ಚಿಂತೆ ಬೇರೆಯಾಗುತ್ತದೆ. ಬಿಲ್ಡ್ ಮಾಡುವುದನ್ನು, ಅಂದರೆ ಆ ಫೈಲುಗಳಿಂದ ಸಿಸ್ಟಮ್ ಕಟ್ಟುವುದನ್ನು, ನಿಕ್ಸ್ ನೋಡಿಕೊಳ್ಳುತ್ತದೆ. ಹೊಸ ಕಾನ್ಫಿಗರೇಶನ್ ಕೂತ ಮೇಲೆ ಆ ಯಂತ್ರಕ್ಕೆ ಮತ್ತೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಂಪರ್ಕ) ಸಿಗುತ್ತದೆಯೇ, ಸಿಗದಿದ್ದರೆ ಹಿಂದಿನ ಸ್ಥಿತಿಗೆ ತರುವ ದಾರಿ ಯಾವುದು ಎಂಬುದನ್ನು ಮಾತ್ರ ನಾವೇ, ಕಳುಹಿಸುವ ಮುಂಚೆಯೇ, ಗೊತ್ತು ಮಾಡಿಟ್ಟುಕೊಳ್ಳಬೇಕು. ಮುಂದಿನ ವಿವರಣೆಯೆಲ್ಲ ಈ ಎಚ್ಚರದ ಸುತ್ತಲೇ ಇದೆ.

ಕಮಾಂಡ್, ಆಯ್ಕೆ, ಫೈಲುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಹೊಡೆಯಿರಿ. ಉದಾಹರಣೆಗೆ ನಾಲ್ಕು ಯಂತ್ರಗಳನ್ನು ಇಟ್ಟುಕೊಳ್ಳೋಣ. ‘ತುಂಗಾ’ ಮತ್ತು ‘ಭದ್ರಾ’ ವೆಬ್ ಸರ್ವರ್‌ಗಳು, ‘ಕಾಳಿ’ ಪೋಸ್ಟ್‌ಗ್ರೆಸ್ ಡೇಟಾಬೇಸ್, ‘ಹೇಮಾ’ ಆಫೀಸಿನ ಮೂಲೆಯಲ್ಲಿರುವ ರಾಸ್ಪ್‌ಬೆರಿ ಪೈ 4. ಡಿಪ್ಲಾಯ್ ಮಾಡುವುದು, ಅಂದರೆ ಹೊಸ ಕಾನ್ಫಿಗರೇಶನ್ ಅನ್ನು ಯಂತ್ರಗಳಿಗೆ ಕಳುಹಿಸಿ ಜಾರಿ ಮಾಡುವುದು, ನಿಮ್ಮ ಲ್ಯಾಪ್‌ಟಾಪ್‌ನಿಂದ.

ಕಮಾಂಡ್ ಹೊಡೆದಾಗ ಆಗುವುದೇನು

ಯಾವ ಟೂಲ್ ಬಳಸಿದರೂ ಒಳಗೆ ನಡೆಯುವುದು ನಾಲ್ಕೇ ಹಂತ. ಮೊದಲನೆಯದು ಇವ್ಯಾಲ್ಯುಯೇಶನ್: ನಿಕ್ಸ್ ಫೈಲುಗಳನ್ನು ಓದಿ ಏನೇನು ಕಟ್ಟಬೇಕು ಎಂಬ ಪಟ್ಟಿ ತಯಾರಾಗುತ್ತದೆ. ಎರಡನೆಯದು ಬಿಲ್ಡ್: ಸಿದ್ಧ ಪ್ಯಾಕೇಜುಗಳನ್ನು ‘ಕ್ಯಾಶ್.ನಿಕ್ಸ್‌ಓಎಸ್.ಆರ್ಗ್’ನಿಂದ ಇಳಿಸಿಕೊಂಡು, ಉಳಿದದ್ದನ್ನು ಸ್ಥಳೀಯವಾಗಿ ಕಟ್ಟಲಾಗುತ್ತದೆ. ಮೂರನೆಯದು ನಕಲು: ಸಿಸ್ಟಮ್ ಮತ್ತು ಅದು ಅವಲಂಬಿಸಿರುವ ಎಲ್ಲವೂ, ಅಂದರೆ ಅದರ ಕ್ಲೋಷರ್, ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರದ ‘/ನಿಕ್ಸ್/ಸ್ಟೋರ್’ಗೆ (ನಿಕ್ಸ್ ಎಲ್ಲ ಪ್ಯಾಕೇಜುಗಳನ್ನೂ ಇಡುವ ಡೈರೆಕ್ಟರಿ) ಹೋಗುತ್ತದೆ. ನಾಲ್ಕನೆಯದು ಆಕ್ಟಿವೇಶನ್: ಆ ಯಂತ್ರದಲ್ಲಿ ‘ಸ್ವಿಚ್-ಟು-ಕಾನ್ಫಿಗರೇಶನ್’ ಪ್ರೋಗ್ರಾಂ ಓಡಿ, ಬೂಟ್‌ಲೋಡರ್ (ಯಂತ್ರ ಏಳುವಾಗ ಸಿಸ್ಟಮ್ ಚಾಲೂ ಮಾಡುವ ತುಣುಕು) ಬರೆದು, ಬದಲಾದ ಸೇವೆಗಳನ್ನಷ್ಟೇ ರೀಸ್ಟಾರ್ಟ್ ಮಾಡುತ್ತದೆ.

ಎರರ್ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದು ಎಷ್ಟನೇ ಹಂತದ ಎರರ್ ಎಂದು. ಮೊದಲ ಮೂರು ಹಂತಗಳಲ್ಲಿ ಏನೇ ಮುರಿದರೂ ಓಡುತ್ತಿರುವ ಸರ್ವರ್‌ಗೆ ಕೂದಲೂ ಕೊಂಕುವುದಿಲ್ಲ, ಏಕೆಂದರೆ ಸ್ಟೋರ್‌ಗೆ ಹೊಸ ಡೈರೆಕ್ಟರಿಗಳು ಸೇರುತ್ತವೆಯೇ ಹೊರತು ಹಳೆಯದು ಯಾವುದೂ ಬದಲಾಗುವುದಿಲ್ಲ. ಆತಂಕ ಪಡಬೇಕಾದದ್ದು ನಾಲ್ಕನೆಯದಕ್ಕೆ ಮಾತ್ರ. ಆದ್ದರಿಂದ ಮೊದಲ ಮೂರನ್ನು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಮುಗಿಸಿ, ನಾಲ್ಕನೆಯದನ್ನು ಒಂದೊಂದಾಗಿ ಮಾಡುವುದೇ ಸರಿಯಾದ ಕ್ರಮ.

ರೆಪೊ ಹೇಗಿರಬೇಕು

ಒಂದು ಗಿಟ್ ರೆಪೊ (ಫೈಲುಗಳ ಇತಿಹಾಸ ಕಾಪಾಡುವ ಸಂಗ್ರಹ), ಅದರ ಬೇರಿನಲ್ಲಿ ‘ಫ್ಲೇಕ್.ನಿಕ್ಸ್’ (ಇಡೀ ಸಂಗ್ರಹದ ಪ್ರವೇಶದ್ವಾರ, ಇದನ್ನೇ ಫ್ಲೇಕ್ ಎನ್ನುವುದು) ಮತ್ತು ‘ಫ್ಲೇಕ್.ಲಾಕ್’ (ಅದು ಬಳಸುವ ಹೊರಗಿನ ಮೂಲಗಳ ನಿಖರ ಆವೃತ್ತಿಗಳು). ‘ಹೋಸ್ಟ್ಸ್’ ಎಂಬ ಡೈರೆಕ್ಟರಿಯಲ್ಲಿ ಪ್ರತಿ ಯಂತ್ರಕ್ಕೂ ಒಂದು ಉಪಡೈರೆಕ್ಟರಿ, ಅದರಲ್ಲಿ ಆ ಯಂತ್ರದ ‘ಹಾರ್ಡ್‌ವೇರ್-ಕಾನ್ಫಿಗರೇಶನ್.ನಿಕ್ಸ್’ ಮತ್ತು ಅದಕ್ಕೆ ಮಾತ್ರ ಸೇರಿದ ಸೆಟ್ಟಿಂಗ್‌ಗಳು. ‘ಮಾಡ್ಯೂಲ್ಸ್’ ಡೈರೆಕ್ಟರಿಯಲ್ಲಿ ಹಂಚಿಕೊಳ್ಳುವ ಭಾಗಗಳು: ‘ಸಾಮಾನ್ಯ.ನಿಕ್ಸ್’, ‘ವೆಬ್.ನಿಕ್ಸ್’, ‘ಡೇಟಾಬೇಸ್.ನಿಕ್ಸ್’. ಆರಂಭಕ್ಕೆ ಇಷ್ಟು ಸಾಕು. ಹತ್ತು ಯಂತ್ರ ಆಗುವ ಮುನ್ನವೇ ಸ್ವಂತ ಆಯ್ಕೆಗಳು, ಲೈಬ್ರರಿ ಫಂಕ್ಷನ್‌ಗಳು ಎಂದು ಪದರದ ಮೇಲೆ ಪದರ ಕಟ್ಟುತ್ತಾ ಹೋದರೆ ಒಂದು ಪೋರ್ಟ್ ಎಲ್ಲಿ ತೆರೆದಿದೆ ಎಂದು ಹುಡುಕಲು ಐದು ಫೈಲು ತೆರೆಯಬೇಕಾಗುತ್ತದೆ.

ಫ್ಲೇಕ್ ಗಿಟ್ ರೆಪೊದಲ್ಲಿದ್ದಾಗ ಗಿಟ್‌ಗೆ ಗೊತ್ತಿಲ್ಲದ ಫೈಲು ನಿಕ್ಸ್‌ಗೂ ಗೊತ್ತಿರುವುದಿಲ್ಲ. ಹೊಸ ಫೈಲು ಬರೆದು ಬಿಲ್ಡ್ ಮಾಡಿದರೆ ಅಂಥ ಫೈಲೇ ಇಲ್ಲ ಎಂಬ ಎರರ್ ಬರುತ್ತದೆ. ಕಮಿಟ್ ಮಾಡಬೇಕಿಲ್ಲ, ‘ಗಿಟ್ ಆ್ಯಡ್’ ಸಾಕು. ಹೊಸಬರ ಸಮಯ ಅತಿ ಹೆಚ್ಚು ಹಾಳಾಗುವುದು ಇಲ್ಲೇ.

ಒಂದು ಯಂತ್ರದ ಹಾರ್ಡ್‌ವೇರ್ ಫೈಲು ಇನ್ನೊಂದಕ್ಕೆ ಎಂದೂ ಹೋಗಬಾರದು. ಅದರಲ್ಲಿ ಡಿಸ್ಕ್ ಪಾರ್ಟಿಶನ್‌ಗಳ ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತದೆ. ತುಂಗಾದ ಕಾನ್ಫಿಗರೇಶನ್ ಭದ್ರಾಕ್ಕೆ ಹೋದರೆ, ಮುಂದಿನ ಬೂಟ್‌ನಲ್ಲಿ ರೂಟ್ ಫೈಲ್‌ಸಿಸ್ಟಮ್ ಸಿಗದೆ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಹೀಗಾಗಿ ಕಮಾಂಡ್‌ನಲ್ಲಿ ಯಂತ್ರದ ಹೆಸರನ್ನು ಯಾವಾಗಲೂ ಪೂರ್ತಿ ಬರೆಯಿರಿ, ಟೂಲ್ ಊಹಿಸಿಕೊಳ್ಳಲಿ ಎಂದು ಬಿಡಬೇಡಿ.

ಮೊದಲ ಸಲ ನಿಕ್ಸ್‌ಓಎಸ್ ಹಾಕುವುದು

ಬಾಡಿಗೆ ವಿಪಿಎಸ್‌ಗಳು (ವರ್ಚುವಲ್ ಸರ್ವರ್‌ಗಳು) ಸಾಮಾನ್ಯವಾಗಿ ಡೆಬಿಯನ್ ಅಥವಾ ಉಬುಂಟು ಹಾಕಿಕೊಂಡು ಬರುತ್ತವೆ. ಅವುಗಳ ಮೇಲೆ ನಿಕ್ಸ್‌ಓಎಸ್ ಹಾಕಲು ‘ನಿಕ್ಸ್‌ಓಎಸ್-ಎನಿವೇರ್’ ಒಳ್ಳೆಯ ದಾರಿ. ಅದು ಎಸ್‌ಎಸ್‌ಎಚ್ ಮೂಲಕ ಒಳಹೋಗಿ, ‘ಕೆಎಕ್ಸೆಕ್’ನಿಂದ ಮೆಮೊರಿಯಲ್ಲೇ ಓಡುವ ಇನ್‌ಸ್ಟಾಲರ್‌ಗೆ ಬೂಟ್ ಮಾಡಿ, ‘ಡಿಸ್ಕೊ’ (ಡಿಸ್ಕ್ ವಿಭಾಗಗಳನ್ನು ನಿಕ್ಸ್ ಭಾಷೆಯಲ್ಲೇ ಬರೆಯುವ ಟೂಲ್) ಫೈಲಿನಲ್ಲಿ ಬರೆದ ಪ್ರಕಾರ ಡಿಸ್ಕ್ ವಿಂಗಡಿಸಿ, ನಿಮ್ಮ ಕಾನ್ಫಿಗರೇಶನ್ ಕೂರಿಸುತ್ತದೆ. ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬೇಕಾದದ್ದನ್ನು ಮೊದಲೇ ಬೇರೆಡೆ ನಕಲು ಮಾಡಿಡಿ. ಸ್ವಾಪ್ ಬಿಟ್ಟು ಕನಿಷ್ಠ 1 ಜಿಬಿ ರ‍್ಯಾಮ್ ಬೇಕು. 512 ಎಂಬಿಯ ಅಗ್ಗದ ಪ್ಲಾನ್‌ಗಳಲ್ಲಿ ಇದು ನಡೆಯುವುದಿಲ್ಲ.

ಡಿಸ್ಕೊ ಫೈಲಿನಲ್ಲಿ ಎರಡು ಕಡೆ ಜೋಪಾನ. ಡಿಸ್ಕ್‌ನ ಹೆಸರು ಒಂದೊಂದು ಕಡೆ ಒಂದೊಂದು: ಕೆಲವೆಡೆ ‘/ಡೆವ್/ಎಸ್‌ಡಿಎ’, ಕೆಲವೆಡೆ ‘/ಡೆವ್/ವಿಡಿಎ’, ಎನ್‌ವಿಎಂಇ ಇದ್ದರೆ ಬೇರೆಯೇ. ಒಳಹೋಗಿ ‘ಎಲ್‌ಎಸ್‌ಬಿಎಲ್‌ಕೆ’ ಓಡಿಸಿ ನೋಡಿಕೊಂಡೇ ಬರೆಯಿರಿ. ಇನ್ನೊಂದು ಬೂಟ್ ಬಗೆ. ಯುಇಎಫ್‌ಐ (ಹೊಸ ಬಗೆಯ ಫರ್ಮ್‌ವೇರ್) ಯಂತ್ರಕ್ಕೆ ‘ಇಎಫ್00’ ಬಗೆಯ ಇಎಸ್‌ಪಿ (ಬೂಟ್ ಫೈಲುಗಳ) ಪಾರ್ಟಿಶನ್ ಬೇಕು, ಹಳೆಯ ಬಯೋಸ್ ಯಂತ್ರದಲ್ಲಿ ಜಿಪಿಟಿ ಪಾರ್ಟಿಶನ್ ಪಟ್ಟಿ ಬಳಸಿದರೆ ‘ಇಎಫ್02’ ಬಗೆಯ 1 ಎಂಬಿ ಪಾರ್ಟಿಶನ್ ಬೇಕು. ‘/ಸಿಸ್/ಫರ್ಮ್‌ವೇರ್/ಇಎಫ್‌ಐ’ ಡೈರೆಕ್ಟರಿ ಇದ್ದರೆ ಯಂತ್ರ ಯುಇಎಫ್‌ಐನಲ್ಲಿ ಬೂಟ್ ಆಗಿದೆ ಎಂದರ್ಥ. ಇಎಸ್‌ಪಿಗೆ 1 ಜಿಬಿಯನ್ನೇ ಕೊಟ್ಟುಬಿಡಿ. ಕಾರಣ ಮುಂದೆ ಬರುತ್ತದೆ.

ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್) ಮೇಲಿನ ವಿಪಿಎಸ್‌ಗೆ ‘ಕ್ಯೂಇಎಂಯು-ಗೆಸ್ಟ್’ ಪ್ರೊಫೈಲ್ ಇಂಪೋರ್ಟ್ ಮಾಡಬೇಕು. ಇಲ್ಲದಿದ್ದರೆ ಇನಿಟ್‌ಆರ್‌ಡಿಯಲ್ಲಿ (ಬೂಟ್‌ನ ಆರಂಭದಲ್ಲಿ ಓಡುವ ಪುಟ್ಟ ಸಿಸ್ಟಮ್) ವರ್ಚುವಲ್ ಡಿಸ್ಕ್‌ಗೆ ಬೇಕಾದ ವರ್ಟ್‌ಐಓ ಡ್ರೈವರ್ ಇಲ್ಲದೆ ಬೂಟ್ ಅರ್ಧಕ್ಕೇ ನಿಂತು, ಹೊರಗಿನಿಂದ ನೋಡುವವರಿಗೆ ಯಂತ್ರ ಸತ್ತಂತೆ ಕಾಣುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಎಸ್‌ಎಸ್‌ಎಚ್ ಹೋಸ್ಟ್ ಕೀ (ಸರ್ವರ್‌ನ ಗುರುತಿನ ಕೀ) ಬದಲಾಗಿರುವುದರಿಂದ ಲ್ಯಾಪ್‌ಟಾಪ್ ಜೋರಾಗಿ ಎಚ್ಚರಿಸುತ್ತದೆ. ಬದಲಾಯಿಸಿದ್ದು ನೀವೇ ಎಂಬುದು ಖಚಿತವಿದ್ದರೆ ‘ಎಸ್‌ಎಸ್‌ಎಚ್-ಕೀಜೆನ್ -ಆರ್’ ಮೂಲಕ ಹಳೆಯ ನಮೂದು ತೆಗೆಯಿರಿ.

ಎಲ್ಲ ಯಂತ್ರಗಳಿಗೂ ಬೇಕಾದ ಸಾಮಾನ್ಯ ಮಾಡ್ಯೂಲ್

ಎಸ್‌ಎಸ್‌ಎಚ್ ಸೇವೆ ಚಾಲೂ, ಪಾಸ್‌ವರ್ಡ್ ಲಾಗಿನ್ ಬಂದ್, ನಿಮ್ಮ ಸಾರ್ವಜನಿಕ ಕೀ ‘ಆಥರೈಸ್ಡ್‌ಕೀಸ್’ನಲ್ಲಿ. ಸಾಧ್ಯವಾದರೆ ಬೇರೆ ಬೇರೆ ಕಡೆ ಇಟ್ಟ ಎರಡು ಕೀ ಸೇರಿಸಿ. ಲ್ಯಾಪ್‌ಟಾಪ್ ಕಳೆದುಹೋದ ದಿನ ಎರಡನೆಯದೇ ಗತಿ.

ಡಿಪ್ಲಾಯ್ ಯಾರ ಹೆಸರಿನಲ್ಲಿ ಮಾಡುವುದು ಎಂಬುದನ್ನು ಇಲ್ಲೇ ತೀರ್ಮಾನಿಸಬೇಕು. ಸುಲಭದ ದಾರಿ ರೂಟ್‌ಗೆ (ಎಲ್ಲ ಅಧಿಕಾರವಿರುವ ಬಳಕೆದಾರ) ಕೀ ಮೂಲಕ ಮಾತ್ರ ಪ್ರವೇಶ ಕೊಡುವುದು, ಅಂದರೆ ‘ಪರ್ಮಿಟ್‌ರೂಟ್‌ಲಾಗಿನ್’ಗೆ ‘ಪ್ರೊಹಿಬಿಟ್-ಪಾಸ್‌ವರ್ಡ್’ ಬೆಲೆ. ಇನ್ನೊಂದು ದಾರಿ ಬೇರೆ ಬಳಕೆದಾರನನ್ನು ಮಾಡಿ, ಅವನಿಗೆ ಪಾಸ್‌ವರ್ಡ್ ಕೇಳದ ಸುಡೊ (ರೂಟ್ ಆಗಿ ಕಮಾಂಡ್ ಓಡಿಸುವ ಹಕ್ಕು) ಕೊಟ್ಟು, ‘ನಿಕ್ಸ್.ಸೆಟ್ಟಿಂಗ್ಸ್.ಟ್ರಸ್ಟೆಡ್-ಯೂಸರ್ಸ್’ಗೆ ಸೇರಿಸುವುದು. ಈ ಕೊನೆಯ ಸಾಲು ಮರೆತರೆ ನಕಲಿನ ಹಂತದಲ್ಲೇ, ನಂಬಬಹುದಾದ ಕೀಯ ಸಹಿ ಈ ಪಾತ್‌ಗೆ ಇಲ್ಲ ಎಂದು ನಿಕ್ಸ್ ನಿರಾಕರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ ಪಾತ್‌ಗಳಿಗೆ ಸಹಿ ಇರುವುದಿಲ್ಲ, ಸಾಮಾನ್ಯ ಬಳಕೆದಾರ ಸಹಿಯಿಲ್ಲದ್ದನ್ನು ಸ್ಟೋರ್‌ಗೆ ಸೇರಿಸುವಂತಿಲ್ಲ.

ಎರಡನೆಯ ದಾರಿ ಹೆಚ್ಚು ಸುರಕ್ಷಿತ ಎಂದು ಹಲವರು ನಂಬುತ್ತಾರೆ. ಟ್ರಸ್ಟೆಡ್ ಬಳಕೆದಾರ ಎಂದರೆ ಹೆಚ್ಚುಕಡಿಮೆ ರೂಟೇ. ಲಾಗ್‌ನಲ್ಲಿ ಯಾರು ಬಂದರು ಎಂದು ಹೆಸರು ಹಿಡಿದು ಹೇಳಬಹುದು ಎಂಬುದಷ್ಟೇ ಲಾಭ. ಇಬ್ಬರಿಗಿಂತ ಹೆಚ್ಚು ಜನ ಡಿಪ್ಲಾಯ್ ಮಾಡುವ ತಂಡದಲ್ಲಿ ಆ ಲಾಭಕ್ಕೆ ಬೆಲೆ ಇದೆ. ಒಬ್ಬರೇ ಇದ್ದರೆ ರೂಟ್ ಸಾಕು. ಟ್ರಸ್ಟೆಡ್ ಪಟ್ಟಿಯೂ ಬೇಡ ಎನಿಸಿದರೆ, ಒಂದು ಸಹಿ ಕೀ ಸೃಷ್ಟಿಸಿ, ಅದರ ಸಾರ್ವಜನಿಕ ಭಾಗವನ್ನು ಎಲ್ಲ ಯಂತ್ರಗಳ ‘ಟ್ರಸ್ಟೆಡ್-ಪಬ್ಲಿಕ್-ಕೀಸ್’ಗೆ ಹಾಕಿ, ಕಟ್ಟಿದ್ದಕ್ಕೆಲ್ಲ ಸಹಿ ಮಾಡಿ ಕಳುಹಿಸಬಹುದು.

‘ಸಿಸ್ಟಮ್.ಸ್ಟೇಟ್‌ವರ್ಷನ್’ ಮಾತ್ರ ಈ ಸಾಮಾನ್ಯ ಮಾಡ್ಯೂಲ್‌ಗೆ ಹಾಕಬೇಡಿ. ಅದು ಆಯಾ ಯಂತ್ರವನ್ನು ಮೊದಲು ಇನ್‌ಸ್ಟಾಲ್ ಮಾಡಿದ ಆವೃತ್ತಿ, ಆಯಾ ಯಂತ್ರದ ಫೈಲಿನಲ್ಲೇ ಇರಬೇಕು. ನಿಕ್ಸ್‌ಓಎಸ್ ಅಪ್‌ಗ್ರೇಡ್ ಮಾಡಿದಾಗಲೂ ಬದಲಾಯಿಸುವಂತಿಲ್ಲ.

ಒಂದು ಯಂತ್ರಕ್ಕೆ ಕಳುಹಿಸಿ ನೋಡುವುದು

ಹೊಸ ಟೂಲ್ ಕಲಿಯುವ ಮೊದಲು ನಿಕ್ಸ್‌ಓಎಸ್ ಜೊತೆಗೇ ಬರುವುದನ್ನು ಬಳಸಿ. ‘ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್ --ಫ್ಲೇಕ್ .#ತುಂಗಾ --ಟಾರ್ಗೆಟ್-ಹೋಸ್ಟ್ ರೂಟ್@ತುಂಗಾ’ ಎಂದರೆ ಬಿಲ್ಡ್ ಇಲ್ಲಿ, ಆಕ್ಟಿವೇಶನ್ ಅಲ್ಲಿ. ರೂಟ್ ಅಲ್ಲದ ಬಳಕೆದಾರ ಆದರೆ ಹಳೆಯ ಆವೃತ್ತಿಗಳಲ್ಲಿ ‘--ಯೂಸ್-ರಿಮೋಟ್-ಸುಡೊ’, ಪೈಥಾನ್‌ನಲ್ಲಿ ಮತ್ತೆ ಬರೆದ ಹೊಸ ಆವೃತ್ತಿಯಲ್ಲಿ ‘--ಸುಡೊ’ ಸೇರಿಸಬೇಕು. ‘--ಬಿಲ್ಡ್-ಹೋಸ್ಟ್’ ಕೊಟ್ಟರೆ ಬಿಲ್ಡ್ ಕೂಡ ಬೇರೆ ಯಂತ್ರದಲ್ಲಿ ನಡೆಯುತ್ತದೆ.

‘--ಯೂಸ್-ಸಬ್‌ಸ್ಟಿಟ್ಯೂಟ್ಸ್’ ಆಯ್ಕೆಯನ್ನು ರೂಢಿ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಎಲ್ಲ ಪ್ಯಾಕೇಜುಗಳೂ ನಿಮ್ಮ ಮನೆಯ ಇಂಟರ್‌ನೆಟ್‌ನ ಅಪ್‌ಲೋಡ್ ವೇಗದಲ್ಲಿ ಹೋಗುತ್ತವೆ. ಇದ್ದರೆ ಸಾರ್ವಜನಿಕ ಕ್ಯಾಶ್‌ನಲ್ಲಿ ಸಿಗುವುದನ್ನು ಸರ್ವರ್ ನೇರವಾಗಿ ಅಲ್ಲಿಂದಲೇ ಇಳಿಸಿಕೊಳ್ಳುತ್ತದೆ. ದಿನದ ಬದಲಾವಣೆಗಳಿಗೆ ಕೆಲವೇ ಎಂಬಿ ಸಾಗಿದರೆ ಸಾಕಾಗುತ್ತದೆ. ಆದರೆ ಗ್ಲಿಬ್‌ಸಿ ಅಥವಾ ಓಪನ್‌ಎಸ್‌ಎಸ್‌ಎಲ್‌ನಂಥ ಬುನಾದಿ ಪ್ಯಾಕೇಜ್ ಬದಲಾದ ದಿನ ಅದನ್ನು ಅವಲಂಬಿಸಿದ ಎಲ್ಲದರ ಹ್ಯಾಶ್ (ಸ್ಟೋರ್‌ನಲ್ಲಿನ ಗುರುತು) ಬದಲಾಗಿ, ಹೆಚ್ಚುಕಡಿಮೆ ಇಡೀ ಸಿಸ್ಟಮ್ ಮತ್ತೆ ಇಳಿಯುತ್ತದೆ. ಹಳೆಯದೂ ಹೊಸದೂ ಒಟ್ಟಿಗೆ ಹಿಡಿಸುವಷ್ಟು ಡಿಸ್ಕ್ ಬೇಕಾಗುವುದರಿಂದ 20 ಜಿಬಿಗಿಂತ ಚಿಕ್ಕ ಡಿಸ್ಕ್ ಇರುವ ಸರ್ವರ್‌ನಲ್ಲಿ ಪದೇಪದೇ ಜಾಗದ ಜಗಳ ಇದ್ದದ್ದೇ.

ಪೋರ್ಟ್ ಸಂಖ್ಯೆ, ಬಳಕೆದಾರ, ಕೀ ಯಾವುದು ಎಂಬುದನ್ನೆಲ್ಲ ಕಮಾಂಡ್‌ನಲ್ಲಿ ಬರೆಯುವ ಬದಲು ಲ್ಯಾಪ್‌ಟಾಪ್‌ನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿಡಿ. ಇಲ್ಲಿ ಹೇಳುವ, ಎಸ್‌ಎಸ್‌ಎಚ್ ಮೂಲಕ ಕಳುಹಿಸುವ ಎಲ್ಲ ಟೂಲ್‌ಗಳೂ ಅದನ್ನು ಪಾಲಿಸುತ್ತವೆ.

ಹಲವು ಯಂತ್ರಗಳಿಗೆ: ಕೊಲ್ಮೆನಾ

ಎರಡು ಮೂರು ಯಂತ್ರಗಳವರೆಗೆ ಮೇಲಿನ ಕಮಾಂಡನ್ನು ಶೆಲ್ ಲೂಪ್‌ನಲ್ಲಿಟ್ಟರೆ ನಡೆಯುತ್ತದೆ. ಅದಕ್ಕೂ ಮಿಕ್ಕಿದರೆ ರಸ್ಟ್‌ನಲ್ಲಿ ಬರೆದ ‘ಕೊಲ್ಮೆನಾ’ ಅನುಕೂಲ. ಹೊಸ ಆವೃತ್ತಿಯಲ್ಲಿ ಫ್ಲೇಕ್‌ನ ‘ಕೊಲ್ಮೆನಾಹೈವ್’ ಔಟ್‌ಪುಟ್, ಹಳೆಯದರಲ್ಲಿ ‘ಕೊಲ್ಮೆನಾ’ ಔಟ್‌ಪುಟ್ ಬರೆಯಬೇಕು. ಅದರೊಳಗೆ ‘ಮೆಟಾ’ದಲ್ಲಿ ನಿಕ್ಸ್‌ಪ್ಯಾಕೇಜಸ್, ‘ಡಿಫಾಲ್ಟ್ಸ್’ನಲ್ಲಿ ಸಾಮಾನ್ಯ ಮಾಡ್ಯೂಲ್, ಆಮೇಲೆ ಯಂತ್ರಕ್ಕೊಂದು ನಮೂದು. ಪ್ರತಿ ನಮೂದಿನಲ್ಲೂ ‘ಡಿಪ್ಲಾಯ್‌ಮೆಂಟ್.ಟಾರ್ಗೆಟ್‌ಹೋಸ್ಟ್’, ‘ಡಿಪ್ಲಾಯ್‌ಮೆಂಟ್.ಟಾರ್ಗೆಟ್‌ಯೂಸರ್’ ಮತ್ತು ‘ಡಿಪ್ಲಾಯ್‌ಮೆಂಟ್.ಟ್ಯಾಗ್ಸ್’ ಕೊಡಿ.

ಟ್ಯಾಗ್‌ಗಳನ್ನು ಯೋಚಿಸಿ ಇಡಿ. ತುಂಗಾ, ಭದ್ರಾ ಎರಡಕ್ಕೂ ‘ವೆಬ್’. ತುಂಗಾಕ್ಕೆ ಹೆಚ್ಚುವರಿಯಾಗಿ ‘ಮೊದಲು’ ಎಂಬ ಟ್ಯಾಗ್. ಹೊಸ ಬದಲಾವಣೆ ಯಾವಾಗಲೂ ಈ ‘ಮೊದಲು’ ಗುಂಪಿಗೇ ಹೋಗುತ್ತದೆ. ಕ್ರಮ ಹೀಗೆ:

1. ‘ಕೊಲ್ಮೆನಾ ಅಪ್ಲೈ ಬಿಲ್ಡ್’. ಎಲ್ಲ ಯಂತ್ರಗಳ ಇವ್ಯಾಲ್ಯುಯೇಶನ್ ಮತ್ತು ಬಿಲ್ಡ್ ಮಾತ್ರ. ಟೈಪೊ, ಆಯ್ಕೆಯ ಹೆಸರಿನ ತಪ್ಪು, ಎರಡು ಮಾಡ್ಯೂಲ್‌ಗಳ ಘರ್ಷಣೆ ಎಲ್ಲ ಇಲ್ಲೇ ಹೊರಬೀಳುತ್ತವೆ.
2. ‘ಕೊಲ್ಮೆನಾ ಅಪ್ಲೈ ಪುಶ್’. ಎಲ್ಲ ಕಡೆಗೂ ನಕಲು. ಲೈನ್ ನಿಧಾನವಿದ್ದರೆ ಇದನ್ನು ಹಿಂದಿನ ರಾತ್ರಿಯೇ ಮುಗಿಸಿಡಬಹುದು.
3. ‘ಕೊಲ್ಮೆನಾ ಅಪ್ಲೈ ಡ್ರೈ-ಆಕ್ಟಿವೇಟ್ --ಆನ್ @ಮೊದಲು’. ಯಾವ ಸೇವೆ ನಿಲ್ಲುತ್ತದೆ, ಯಾವುದು ರೀಸ್ಟಾರ್ಟ್ ಆಗುತ್ತದೆ ಎಂಬ ಪಟ್ಟಿ ಬರುತ್ತದೆ. ವೆಬ್ ಸೇವೆ ಎನ್‌ಜಿನ್‌ಎಕ್ಸ್‌ನ ಒಂದು ಸಾಲು ಬದಲಿಸಿದ್ದಕ್ಕೆ ಸಂಬಂಧವೇ ಇಲ್ಲದ ಸೇವೆ ರೀಸ್ಟಾರ್ಟ್ ಆಗುತ್ತದೆ ಎಂದು ಪಟ್ಟಿ ಹೇಳಿದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.
4. ‘ಕೊಲ್ಮೆನಾ ಅಪ್ಲೈ --ಆನ್ @ಮೊದಲು’, ಪರೀಕ್ಷೆ, ಆಮೇಲೆ ಉಳಿದವು. ಡೇಟಾಬೇಸ್ ಕೊನೆಗೆ, ಅದೂ ಒಂಟಿಯಾಗಿ.

ಕೊಲ್ಮೆನಾ ಮೂಲತಃ, ಅಂದರೆ ನಾವು ಬೇರೆ ಹೇಳದಿದ್ದರೆ, 10 ಯಂತ್ರಗಳಿಗೆ ಏಕಕಾಲಕ್ಕೆ ಹೋಗುತ್ತದೆ. ಒಂದೇ ಲೋಡ್ ಬ್ಯಾಲೆನ್ಸರ್ (ಬರುವ ಬೇಡಿಕೆಗಳನ್ನು ಹಂಚುವ ವ್ಯವಸ್ಥೆ) ಹಿಂದಿರುವ ತುಂಗಾ, ಭದ್ರಾ ಎರಡೂ ಒಂದೇ ಕ್ಷಣ ಎನ್‌ಜಿನ್‌ಎಕ್ಸ್ ರೀಸ್ಟಾರ್ಟ್ ಮಾಡಿದರೆ ಸೈಟ್ ಅಷ್ಟು ಹೊತ್ತು ಬಂದ್. ಅಂಥ ಗುಂಪಿಗೆ ‘--ಪ್ಯಾರಲಲ್ 1’ ಕೊಡಿ. ಎಲ್ಲ ಕಡೆ ಒಂದೇ ಕಮಾಂಡ್ ಓಡಿಸಲು ‘ಕೊಲ್ಮೆನಾ ಎಕ್ಸೆಕ್’ ಇದೆ. ಡಿಪ್ಲಾಯ್ ಮುಗಿದ ತಕ್ಷಣ ಅದರ ಮೂಲಕ ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಓಡಿಸಿದರೆ ಬಿದ್ದ ಸೇವೆಗಳು ಒಂದೇ ನೋಟಕ್ಕೆ ಸಿಗುತ್ತವೆ.

ಬಾಗಿಲು ಮುಚ್ಚಿಕೊಂಡರೆ

ದೂರದ ಯಂತ್ರವನ್ನು ಕೈ ತಪ್ಪಿಸುವ ಬದಲಾವಣೆಗಳು ಎಣಿಸಿದಷ್ಟೇ: ನೆಟ್‌ವರ್ಕ್ ವಿಳಾಸ ಅಥವಾ ಇಂಟರ್‌ಫೇಸ್ ಹೆಸರು, ಫೈರ್‌ವಾಲ್, ಎಸ್‌ಎಸ್‌ಎಚ್ ಸೆಟ್ಟಿಂಗ್, ವಿಪಿಎನ್, ಬೂಟ್‌ಲೋಡರ್, ಡಿಸ್ಕ್ ಮೌಂಟ್. ಈ ಪಟ್ಟಿಯಲ್ಲಿರುವ ಯಾವುದನ್ನೂ ನೇರ ‘ಸ್ವಿಚ್’ ಮಾಡಬೇಡಿ. ನಿಕ್ಸ್‌ಓಎಸ್‌ನಲ್ಲಿ ‘ಟೆಸ್ಟ್’ ಎಂಬ ಕ್ರಿಯೆ ಇದೆ. ಅದು ಹೊಸ ಕಾನ್ಫಿಗರೇಶನ್ ಅನ್ನು ಚಾಲೂ ಮಾಡುತ್ತದೆ, ಬೂಟ್‌ನ ಆಯ್ಕೆಯನ್ನು ಮಾತ್ರ ಮುಟ್ಟುವುದಿಲ್ಲ. ರೀಬೂಟ್ ಆದರೆ ಹಳೆಯದೇ ಬರುತ್ತದೆ. ಇದರ ಜೊತೆ ಒಂದು ಟೈಮರ್ ಸೇರಿಸಿದರೆ ಯಾವ ಹೆಚ್ಚುವರಿ ಟೂಲ್ ಇಲ್ಲದೆಯೇ ವಾಪಸು ಬರುವ ದಾರಿ ಸಿದ್ಧ.

ಸರ್ವರ್‌ನಲ್ಲಿ ಮೊದಲು ‘ಸಿಸ್ಟಮ್‌ಡಿ-ರನ್ --ಯೂನಿಟ್=ವಾಪಸು --ಆನ್-ಆಕ್ಟಿವ್=10ಮಿನ್ ಸಿಸ್ಟಮ್‌ಸಿಟಿಎಲ್ ರೀಬೂಟ್’ ಓಡಿಸಿ. ಹತ್ತು ನಿಮಿಷಕ್ಕೆ ರೀಬೂಟ್ ನಿಗದಿಯಾಯಿತು. ಈಗ ಲ್ಯಾಪ್‌ಟಾಪ್‌ನಿಂದ ‘ಕೊಲ್ಮೆನಾ ಅಪ್ಲೈ ಟೆಸ್ಟ್ --ಆನ್ ತುಂಗಾ’. ಎಸ್‌ಎಸ್‌ಎಚ್ ಸಿಕ್ಕರೆ ಒಳಹೋಗಿ ‘ಸಿಸ್ಟಮ್‌ಸಿಟಿಎಲ್ ಸ್ಟಾಪ್ ವಾಪಸು.ಟೈಮರ್’ ಎಂದು ರದ್ದು ಮಾಡಿ, ನಂತರ ನಿಜವಾದ ‘ಸ್ವಿಚ್’. ಸಿಗದಿದ್ದರೆ ಏನೂ ಮಾಡದೆ ಕಾಯಿರಿ, ಯಂತ್ರ ತಾನೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದು ಬೂಟ್‌ನಲ್ಲಿ ಪಾಸ್‌ಫ್ರೇಸ್ ಬೇಕಾದ ಯಂತ್ರಕ್ಕೆ ಈ ಉಪಾಯ ಬೇಡ; ಅಂಥದ್ದಕ್ಕೆ ಮೊದಲು ಇನಿಟ್‌ಆರ್‌ಡಿಯಲ್ಲೇ ಎಸ್‌ಎಸ್‌ಎಚ್ ವ್ಯವಸ್ಥೆ ಆಗಬೇಕು. ಬೂಟ್‌ಲೋಡರ್ ಮತ್ತು ಇನಿಟ್‌ಆರ್‌ಡಿ ಬದಲಾವಣೆಗಳನ್ನೂ ‘ಟೆಸ್ಟ್’ ಪರೀಕ್ಷಿಸುವುದಿಲ್ಲ. ಅವಕ್ಕೆ ಬಾಡಿಗೆ ಕಂಪನಿ ಕೊಡುವ ಸೀರಿಯಲ್ ಅಥವಾ ವಿಎನ್‌ಸಿ ಕನ್ಸೋಲ್ ತೆರೆದಿಟ್ಟುಕೊಂಡೇ ರೀಬೂಟ್ ಮಾಡಿ, ಮೆನುವಿನಲ್ಲಿ ಹಳೆಯ ಜನರೇಶನ್ (ಹಿಂದೆ ಕೂರಿಸಿದ ಕಾನ್ಫಿಗರೇಶನ್) ಆರಿಸಲು ಸಿದ್ಧರಾಗಿರಿ.

ಪರೀಕ್ಷೆ ಮಾಡುವಾಗ ಹೊಸ ಸಂಪರ್ಕವನ್ನೇ ತೆರೆಯಬೇಕು. ಫೈರ್‌ವಾಲ್ ಈಗಾಗಲೇ ಸ್ಥಾಪಿತವಾದ ಸಂಪರ್ಕಗಳನ್ನು ಕಡಿಯುವುದಿಲ್ಲ, ಹೀಗಾಗಿ ತೆರೆದಿದ್ದ ಟರ್ಮಿನಲ್ ಏನೂ ಆಗಿಲ್ಲವೆಂಬಂತೆ ನಡೆಯುತ್ತಲೇ ಇರುತ್ತದೆ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ‘ಕಂಟ್ರೋಲ್‌ಮಾಸ್ಟರ್’ ಹಾಕಿದ್ದರೆ ಇನ್ನೂ ಮೋಸ: ಹೊಸದಾಗಿ ಲಾಗಿನ್ ಆದಂತೆ ಕಂಡರೂ ಅದು ಹಳೆಯ ಸಂಪರ್ಕದ ಮೇಲೆಯೇ ಹೋಗುತ್ತದೆ. ‘ಎಸ್‌ಎಸ್‌ಎಚ್ -ಓ ಕಂಟ್ರೋಲ್‌ಪಾತ್=ನನ್ ತುಂಗಾ’ ಎಂದು ಹೊಡೆದು ಒಳಗೆ ಬಿಟ್ಟರೆ ಮಾತ್ರ ನಂಬಿ.

ಇದನ್ನೆಲ್ಲ ತಾನಾಗಿಯೇ ಮಾಡುವ ಟೂಲ್ ಬೇಕೆಂದರೆ ಸೆರೊಕೆಲ್ ಸಂಸ್ಥೆಯ ‘ಡಿಪ್ಲಾಯ್-ಆರ್‌ಎಸ್’ ಇದೆ. ಆಕ್ಟಿವೇಶನ್ ಆದ ಮೇಲೆ ಅದು ಹೊಸ ಎಸ್‌ಎಸ್‌ಎಚ್ ಸಂಪರ್ಕ ಮಾಡಿ ದೃಢೀಕರಣ ಕೊಡುತ್ತದೆ. ನಿಗದಿತ ಸಮಯದಲ್ಲಿ, ಮೂಲತಃ 30 ಸೆಕೆಂಡುಗಳಲ್ಲಿ, ದೃಢೀಕರಣ ಬರದಿದ್ದರೆ ಸರ್ವರ್ ತಾನೇ ಹಿಂದಿನ ಜನರೇಶನ್‌ಗೆ ಮರಳುತ್ತದೆ. ಕನ್ಸೋಲ್ ಸಿಗದ ಯಂತ್ರಗಳಿಗೆ, ಹೇಮಾದಂಥ ಬೀಗ ಹಾಕಿದ ಕೋಣೆಯ ಪೈಗೆ, ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಇಲ್ಲ. ಸರ್ವರ್‌ನ ಐಪಿ ವಿಳಾಸವನ್ನೇ ಬದಲಿಸುವ ದಿನ ಮಾತ್ರ ಇದೇ ಅಡ್ಡಿಯಾಗುತ್ತದೆ. ದೃಢೀಕರಣ ಹಳೆಯ ವಿಳಾಸಕ್ಕೆ ಹೋಗಿ ವಿಫಲವಾಗಿ, ಸರಿಯಾದ ಬದಲಾವಣೆಯೂ ಹಿಂದಕ್ಕೆ ಸರಿಯುತ್ತದೆ. ಆ ಒಂದು ಸಲಕ್ಕೆ ತಾನೇ ಮರಳುವ ಈ ವ್ಯವಸ್ಥೆಯನ್ನು, ಅಂದರೆ ‘ಮ್ಯಾಜಿಕ್‌ರೋಲ್‌ಬ್ಯಾಕ್’ ಅನ್ನು, ಬಂದ್ ಮಾಡಿ, ಮೇಲಿನ ಟೈಮರ್ ಬಳಸಿ.

ರಹಸ್ಯಗಳು

ಡೇಟಾಬೇಸ್ ಪಾಸ್‌ವರ್ಡ್, ಎಪಿಐ ಟೋಕನ್‌ಗಳನ್ನು ನಿಕ್ಸ್ ಫೈಲಿನಲ್ಲಿ ಬರೆಯಲೇಬಾರದು. ‘/ನಿಕ್ಸ್/ಸ್ಟೋರ್’ ಯಂತ್ರದ ಎಲ್ಲ ಬಳಕೆದಾರರಿಗೂ ಓದಲು ತೆರೆದಿರುತ್ತದೆ. ‘ರೀಡ್‌ಫೈಲ್’ ಮೂಲಕ ಹೊರಗಿನ ಫೈಲಿನಿಂದ ತಂದು ಕಾನ್ಫಿಗರೇಶನ್‌ಗೆ ಸೇರಿಸಿದರೂ ಅಷ್ಟೇ, ಅದರ ಪಠ್ಯ ಸ್ಟೋರ್‌ಗೆ ಇಳಿಯುತ್ತದೆ.

ರಹಸ್ಯಗಳನ್ನು ಬೇರೆಯಾಗಿ ಕಳುಹಿಸಲು ಹೆಚ್ಚು ಬಳಕೆಯಲ್ಲಿರುವ ಟೂಲ್‌ಗಳು ‘ಸಾಪ್ಸ್-ನಿಕ್ಸ್’ ಮತ್ತು ‘ಏಜ್‌ನಿಕ್ಸ್’. ಸಾಪ್ಸ್-ನಿಕ್ಸ್‌ನಲ್ಲಿ ಪ್ರತಿ ಸರ್ವರ್‌ನ ಎಡ್25519 ಹೋಸ್ಟ್ ಕೀಯ ಸಾರ್ವಜನಿಕ ಭಾಗವನ್ನು ‘ಎಸ್‌ಎಸ್‌ಎಚ್-ಟು-ಏಜ್’ನಿಂದ ಏಜ್ (ಎನ್‌ಕ್ರಿಪ್ಶನ್ ಟೂಲ್) ಕೀ ಆಗಿ ಬದಲಿಸಿ ‘.ಸಾಪ್ಸ್.ಯಾಮಲ್’ಗೆ ಸೇರಿಸುತ್ತೀರಿ. ರಹಸ್ಯದ ಫೈಲು ಎನ್‌ಕ್ರಿಪ್ಟ್ ಆಗಿ ಗಿಟ್‌ನಲ್ಲೇ ಇರುತ್ತದೆ, ಆಕ್ಟಿವೇಶನ್ ಸಮಯದಲ್ಲಿ ಸರ್ವರ್ ತನ್ನ ಖಾಸಗಿ ಕೀಯಿಂದ ತೆರೆದು ‘/ರನ್/ಸೀಕ್ರೆಟ್ಸ್’ನಲ್ಲಿ ಇಡುತ್ತದೆ. ಹೊಸ ಯಂತ್ರಕ್ಕೆ ಮೊದಲ ಇನ್‌ಸ್ಟಾಲ್ ಮುಂಚೆ ಹೋಸ್ಟ್ ಕೀಯೇ ಇರುವುದಿಲ್ಲವಲ್ಲ. ಅದನ್ನು ಲ್ಯಾಪ್‌ಟಾಪ್‌ನಲ್ಲೇ ಸೃಷ್ಟಿಸಿ, ನಿಕ್ಸ್‌ಓಎಸ್-ಎನಿವೇರ್‌ನ ‘--ಎಕ್ಸ್‌ಟ್ರಾ-ಫೈಲ್ಸ್’ ಮೂಲಕ ಕಳುಹಿಸಿ. ಖಾಸಗಿ ಕೀಗೆ 600 ಅನುಮತಿ ಇರಲೇಬೇಕು, ಇಲ್ಲದಿದ್ದರೆ ಎಸ್‌ಎಸ್‌ಎಚ್ ಸೇವೆ ಅದನ್ನು ಒಪ್ಪುವುದಿಲ್ಲ.

ಸಾಪ್ಸ್-ನಿಕ್ಸ್‌ನ ಫೈಲಿಗೆ ಮಾಲೀಕ ಮೂಲತಃ ರೂಟ್, ಅನುಮತಿ 0400. ಬೇರೆ ಬಳಕೆದಾರನ ಹೆಸರಿನಲ್ಲಿ ಓಡುವ ಸೇವೆಗೆ ಓದಲು ಆಗದೆ ‘ಪರ್ಮಿಷನ್ ಡಿನೈಡ್’ ಬಂದರೆ ‘ಓನರ್’ ಆಯ್ಕೆ ನೋಡಿ. ರಹಸ್ಯ ಮಾತ್ರ ಬದಲಾದರೆ ಸೇವೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ, ‘ರೀಸ್ಟಾರ್ಟ್‌ಯೂನಿಟ್ಸ್’ನಲ್ಲಿ ಅದರ ಹೆಸರು ಕೊಡಬೇಕು. ಕೊಲ್ಮೆನಾಗೂ ತನ್ನದೇ ‘ಡಿಪ್ಲಾಯ್‌ಮೆಂಟ್.ಕೀಸ್’ ಇದೆ, ಆದರೆ ಅದು ಮೂಲತಃ ‘/ರನ್/ಕೀಸ್’ಗೆ ಹೋಗುವುದರಿಂದ ರೀಬೂಟ್ ಆದರೆ ಅಳಿಸಿಹೋಗುತ್ತದೆ. ಮಧ್ಯರಾತ್ರಿ ಕರೆಂಟ್ ಹೋಗಿ ಬಂದರೆ ನೀವು ಮತ್ತೆ ‘ಕೊಲ್ಮೆನಾ ಅಪ್‌ಲೋಡ್-ಕೀಸ್’ ಹೊಡೆಯುವವರೆಗೆ ಸೇವೆ ಏಳುವುದಿಲ್ಲ. ಸರ್ವರ್ ತಾನೇ ತೆರೆದುಕೊಳ್ಳುವ ಸಾಪ್ಸ್-ನಿಕ್ಸ್ ಮಾದರಿಯೇ ಮೇಲು.

ಬೇರೆ ಪ್ರೊಸೆಸರ್‌ನ ಯಂತ್ರ

ಹೇಮಾ ಎಆರ್‌ಎಂ, ಲ್ಯಾಪ್‌ಟಾಪ್ ಎಕ್ಸ್86. ನೇರ ಬಿಲ್ಡ್ ಮಾಡಿದರೆ ‘ಎಎಆರ್‌ಸಿಎಚ್64-ಲಿನಕ್ಸ್’ ಬೇಕಿತ್ತು ಎಂದು ನಿಕ್ಸ್ ನಿಲ್ಲುತ್ತದೆ. ಲ್ಯಾಪ್‌ಟಾಪ್ ಕೂಡ ನಿಕ್ಸ್‌ಓಎಸ್ ಆಗಿದ್ದರೆ ‘ಬೂಟ್.ಬಿನ್‌ಎಫ್‌ಎಂಟಿ.ಎಮ್ಯುಲೇಟೆಡ್‌ಸಿಸ್ಟಮ್ಸ್’ಗೆ ಅದನ್ನು ಸೇರಿಸಿದರೆ ಬೇರೆ ಪ್ರೊಸೆಸರ್‌ನಂತೆ ನಟಿಸುವ ಕ್ಯೂಇಎಂಯು ಮೂಲಕ ಬಿಲ್ಡ್ ಆಗುತ್ತದೆ. ಎಮ್ಯುಲೇಶನ್ ತುಂಬ ನಿಧಾನ, ನಿಜ. ಆದರೆ ದೊಡ್ಡ ಪ್ಯಾಕೇಜುಗಳೆಲ್ಲ ಸಾರ್ವಜನಿಕ ಕ್ಯಾಶ್‌ನಲ್ಲಿ ಎಆರ್‌ಎಂಗೂ ಸಿದ್ಧವಾಗಿ ಸಿಗುತ್ತವೆ, ಇಲ್ಲಿ ಕಟ್ಟಬೇಕಾದದ್ದು ‘/ಇಟಿಸಿ’ಯ (ಸೆಟ್ಟಿಂಗ್‌ಗಳ ಡೈರೆಕ್ಟರಿ) ಚಿಕ್ಕ ಫೈಲುಗಳಂಥವು ಮಾತ್ರ. ಕರ್ನಲ್‌ಗೆ ಪ್ಯಾಚ್ ಹಾಕಿದರೆ ಮಾತ್ರ ಗಂಟೆಗಟ್ಟಲೆ ಕಾಯಬೇಕು. ಇನ್ನೊಂದು ದಾರಿ ಕೊಲ್ಮೆನಾದ ‘ಬಿಲ್ಡ್‌ಆನ್‌ಟಾರ್ಗೆಟ್’. ಮೆಮೊರಿ ಹೆಚ್ಚು ತಿನ್ನುವ ಇವ್ಯಾಲ್ಯುಯೇಶನ್ ಆಗಲೂ ಲ್ಯಾಪ್‌ಟಾಪ್‌ನಲ್ಲೇ ನಡೆಯುವುದರಿಂದ ಕಡಿಮೆ ರ‍್ಯಾಮ್‌ನ ಪೈ ಸಹ ತಡೆದುಕೊಳ್ಳುತ್ತದೆ.

ಬೂಟ್ ಪಾರ್ಟಿಶನ್ ತುಂಬುವುದು, ಕರ್ನಲ್ ಹಳೆಯದಾಗಿಯೇ ಉಳಿಯುವುದು

ಸಿಸ್ಟಮ್‌ಡಿ-ಬೂಟ್ ಎಂಬ ಬೂಟ್‌ಲೋಡರ್ ಬಳಸುವಾಗ ಜನರೇಶನ್‌ಗಳ ಕರ್ನಲ್ ಮತ್ತು ಇನಿಟ್‌ಆರ್‌ಡಿ ಇಎಸ್‌ಪಿಯಲ್ಲಿ ಕೂರುತ್ತವೆ. ಕೆಲವು ತಿಂಗಳ ನಂತರ ಜಾಗ ಮುಗಿದು ಬೂಟ್‌ಲೋಡರ್ ಬರೆಯುವಾಗ ‘ನೋ ಸ್ಪೇಸ್ ಲೆಫ್ಟ್’ ಎಂದು ಡಿಪ್ಲಾಯ್ ನಿಲ್ಲುತ್ತದೆ. 1 ಜಿಬಿ ಕೊಡಿ ಎಂದದ್ದು ಇದಕ್ಕೇ. ಜೊತೆಗೆ ‘ಕಾನ್ಫಿಗರೇಶನ್‌ಲಿಮಿಟ್’ 10 ಇಡಿ, ‘ನಿಕ್ಸ್.ಜಿಸಿ’ಯನ್ನು ವಾರಕ್ಕೊಮ್ಮೆ, 30 ದಿನಕ್ಕಿಂತ ಹಳೆಯದನ್ನು ತೆಗೆಯುವಂತೆ ಹಾಕಿ. ಈಗಾಗಲೇ ತುಂಬಿದ್ದರೆ ಸರ್ವರ್‌ನಲ್ಲಿ ರೂಟ್ ಆಗಿ ‘ನಿಕ್ಸ್-ಕಲೆಕ್ಟ್-ಗಾರ್ಬೇಜ್ --ಡಿಲೀಟ್-ಓಲ್ಡರ್-ದ್ಯಾನ್ 14ಡಿ’ ಓಡಿಸಿ ಮತ್ತೆ ಡಿಪ್ಲಾಯ್ ಮಾಡಿ. ‘-ಡಿ’ ಎಂಬ ಚಿಕ್ಕ ಆಯ್ಕೆ ಹಳೆಯ ಜನರೇಶನ್‌ಗಳನ್ನೆಲ್ಲ ಒರೆಸಿಬಿಡುತ್ತದೆ, ಅಂದರೆ ವಾಪಸು ಹೋಗುವ ದಾರಿಯನ್ನೂ. ದೂರದ ಯಂತ್ರದಲ್ಲಿ ಅದನ್ನು ಬಳಸಬೇಡಿ.

‘ಸ್ವಿಚ್’ ಆದರೂ ಹೊಸ ಕರ್ನಲ್ ಓಡಲು ರೀಬೂಟ್ ಬೇಕು. ‘/ರನ್/ಬೂಟೆಡ್-ಸಿಸ್ಟಮ್/ಕರ್ನಲ್’ ಮತ್ತು ‘/ರನ್/ಕರೆಂಟ್-ಸಿಸ್ಟಮ್/ಕರ್ನಲ್’ ಎರಡನ್ನೂ ‘ರೀಡ್‌ಲಿಂಕ್’ ಮಾಡಿ ನೋಡಿ. ಬೇರೆ ಬೇರೆ ಪಾತ್ ಬಂದರೆ ಆ ಯಂತ್ರ ಇನ್ನೂ ಹಳೆಯ ಕರ್ನಲ್ ಮೇಲಿದೆ. ‘ಕೊಲ್ಮೆನಾ ಎಕ್ಸೆಕ್’ನಲ್ಲಿ ಇದನ್ನು ಎಲ್ಲ ಯಂತ್ರಗಳಿಗೂ ಒಮ್ಮೆಗೇ ಕೇಳಬಹುದು.

ರೋಲ್‌ಬ್ಯಾಕ್ ಮುಟ್ಟದ ಜಾಗ

ಜನರೇಶನ್ ಹಿಂದೆ ಸರಿಸಿದರೆ ಪ್ಯಾಕೇಜು, ಸೇವೆ, ‘/ಇಟಿಸಿ’ ಹಿಂದಕ್ಕೆ ಬರುತ್ತವೆ. ಸೇವೆಗಳು ‘/ವಾರ್/ಲಿಬ್’ನಲ್ಲಿ ಇಟ್ಟ ಡೇಟಾ ಬರುವುದಿಲ್ಲ. ಹೊಸ ಆವೃತ್ತಿಯ ಆ್ಯಪ್ ತನ್ನ ಡೇಟಾಬೇಸ್ ಟೇಬಲ್‌ಗಳನ್ನು ಬದಲಿಸಿದ ಮೇಲೆ ಹಳೆಯ ಆವೃತ್ತಿಗೆ ಮರಳಿದರೆ ಅದು ಆ ಟೇಬಲ್‌ಗಳನ್ನು ಅರ್ಥಮಾಡಿಕೊಳ್ಳದೆ ಬೀಳಬಹುದು. ಹಾಗಾಗಿ ಕಾಳಿಗೆ ಕಳುಹಿಸುವ ಮುನ್ನ ಪ್ರತಿ ಸಲವೂ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆಯಿರಿ. ಅದರ ಕಾನ್ಫಿಗರೇಶನ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಪ್ರಮುಖ ಆವೃತ್ತಿಯನ್ನು ‘ಸರ್ವಿಸಸ್.ಪೋಸ್ಟ್‌ಗ್ರೆಸ್‌ಕ್ಯೂಎಲ್.ಪ್ಯಾಕೇಜ್’ನಲ್ಲಿ ಹೆಸರಿಸಿ ಬರೆದಿಡಿ. ಒಂದು ಪ್ರಮುಖ ಆವೃತ್ತಿಯಿಂದ ಇನ್ನೊಂದಕ್ಕೆ ಹೋಗಲು ‘ಪಿಜಿ_ಅಪ್‌ಗ್ರೇಡ್’ ಅಥವಾ ಡಂಪ್ ಮಾಡಿ ಮರಳಿ ತುಂಬುವುದು ಬೇಕೇ ಬೇಕು. ಪ್ಯಾಕೇಜ್ ಸಂಖ್ಯೆ ಮಾತ್ರ ಬದಲಿಸಿದರೆ ಹೊಸ ಸರ್ವರ್ ಹೊಸ ಖಾಲಿ ಡೈರೆಕ್ಟರಿಯೊಂದಿಗೆ ಏಳುತ್ತದೆ, ಹಳೆಯ ಡೇಟಾ ಪಕ್ಕದ ಡೈರೆಕ್ಟರಿಯಲ್ಲಿ ಹಾಗೇ ಉಳಿದಿರುತ್ತದೆ. ಇದನ್ನು ಕಂಡು ಡೇಟಾ ಹೋಯಿತೆಂದು ಗಾಬರಿಯಾಗಿ ಏನನ್ನೂ ಅಳಿಸಬೇಡಿ, ಪ್ಯಾಕೇಜನ್ನು ಹಿಂದಿನ ಸಂಖ್ಯೆಗೆ ಮರಳಿಸಿ ಡಿಪ್ಲಾಯ್ ಮಾಡಿದರೆ ಎಲ್ಲ ಇದ್ದಲ್ಲೇ ಇರುತ್ತದೆ.

ಹಿಂದಕ್ಕೆ ಸರಿಸುವುದಾದರೂ ತುರ್ತಿಲ್ಲದಿದ್ದಾಗ ಸರ್ವರ್ ಒಳಗೆ ಮಾಡಬೇಡಿ. ‘ಗಿಟ್ ರಿವರ್ಟ್’ ಮಾಡಿ ಮತ್ತೆ ಡಿಪ್ಲಾಯ್ ಮಾಡಿ. ಇಲ್ಲದಿದ್ದರೆ ಮರುದಿನ ಸಹೋದ್ಯೋಗಿಯೊಬ್ಬರು ಬೇರೆಯದೇ ಕೆಲಸಕ್ಕೆ ಡಿಪ್ಲಾಯ್ ಮಾಡಿದಾಗ ನೀವು ತೆಗೆದ ತಪ್ಪು ಮತ್ತೆ ಹೋಗಿ ಕೂರುತ್ತದೆ.

ಅಪ್‌ಡೇಟ್‌ನ ರೂಢಿ

ನಿಕ್ಸ್‌ಓಎಸ್‌ನ ಸ್ಥಿರ ಆವೃತ್ತಿ ವರ್ಷಕ್ಕೆರಡು, ಮೇ ಮತ್ತು ನವೆಂಬರ್‌ನಲ್ಲಿ. ಹೊಸದು ಬಂದ ಒಂದು ತಿಂಗಳಿನ ಆಸುಪಾಸಿನಲ್ಲಿ ಹಳೆಯದಕ್ಕೆ ಸುರಕ್ಷತಾ ತಿದ್ದುಪಡಿಗಳು ನಿಲ್ಲುತ್ತವೆ. ನಡುವಿನ ತಿಂಗಳುಗಳಲ್ಲಿ ‘ನಿಕ್ಸ್ ಫ್ಲೇಕ್ ಅಪ್‌ಡೇಟ್’ ವಾರಕ್ಕೊಮ್ಮೆ ಸಾಕು. ಲಾಕ್ ಫೈಲಿನ ಬದಲಾವಣೆಗೆ ಪ್ರತ್ಯೇಕ ಕಮಿಟ್ ಮಾಡಿ, ನಿಮ್ಮ ಸ್ವಂತ ಬದಲಾವಣೆಯೊಂದಿಗೆ ಬೆರೆಸಬೇಡಿ. ಬೆರೆತರೆ ಸೇವೆ ಬಿದ್ದಾಗ ಕಾರಣ ಹೊಸ ಪ್ಯಾಕೇಜೋ ನಿಮ್ಮ ಸಾಲೋ ಎಂದು ತಿಳಿಯುವುದಿಲ್ಲ. ಕಳುಹಿಸುವ ಮೊದಲು ‘ಎನ್‌ವಿಡಿ ಡಿಫ್’ನಿಂದ ಹಳೆಯ, ಹೊಸ ಸಿಸ್ಟಮ್ ಹೋಲಿಸಿದರೆ ಯಾವ ಪ್ಯಾಕೇಜ್ ಯಾವ ಸಂಖ್ಯೆಯಿಂದ ಯಾವುದಕ್ಕೆ ಹೋಗುತ್ತಿದೆ ಎಂದು ಕಾಣುತ್ತದೆ.

ಯಾವ ಯಂತ್ರ ಯಾವ ಕಮಿಟ್ ಮೇಲಿದೆ ಎಂದು ತಿಳಿಯಲು ‘ಸಿಸ್ಟಮ್.ಕಾನ್ಫಿಗರೇಶನ್‌ರಿವಿಷನ್’ಗೆ ಫ್ಲೇಕ್‌ನ ಗಿಟ್ ರಿವಿಷನ್ ಕೊಡಿ. ಆಮೇಲೆ ಎಲ್ಲ ಕಡೆ ‘ನಿಕ್ಸ್‌ಓಎಸ್-ವರ್ಷನ್ --ಜೇಸನ್’ ಓಡಿಸಿದರೆ ಹಿಂದುಳಿದದ್ದು ಯಾವುದೆಂದು ಗೊತ್ತಾಗುತ್ತದೆ. ಪ್ರತಿ ಕಮಿಟ್‌ಗೂ ಎಲ್ಲ ಯಂತ್ರಗಳ ಸಿಸ್ಟಮ್ ಹ್ಯಾಶ್ ಬದಲಾಗಿ, ಬೇರೇನೂ ಬದಲಾಗದ ಯಂತ್ರಕ್ಕೂ ಹೊಸ ಜನರೇಶನ್ ಸೇರುವುದು ಇದರ ಒಂದು ಅನನುಕೂಲ. ಯಂತ್ರಗಳು ಹತ್ತಕ್ಕಿಂತ ಹೆಚ್ಚಿದ್ದು ಒಂದಕ್ಕಿಂತ ಹೆಚ್ಚು ಜನ ಡಿಪ್ಲಾಯ್ ಮಾಡುವಲ್ಲಿ ಅಷ್ಟನ್ನು ಸಹಿಸಿಕೊಳ್ಳಬಹುದು. ನಾಲ್ಕೇ ಯಂತ್ರಗಳಿಗೆ ಅಗತ್ಯವಿಲ್ಲ. ಸರಿಸುಮಾರು ಅದೇ ಗಾತ್ರ ದಾಟಿದಾಗ, ಸರ್ವರ್‌ಗಳೇ ಗಿಟ್ ರೆಪೊ ಗಮನಿಸಿ ತಾವೇ ಎಳೆದುಕೊಳ್ಳುವ ‘ಕೊಮಿನ್’ ಮಾದರಿಯನ್ನೂ ಪರಿಶೀಲಿಸಿ. ಹೊರಗಿನಿಂದ ಒಳಮುಖ ಎಸ್‌ಎಸ್‌ಎಚ್ ಸಿಗದ, ಆಫೀಸಿನ ರೌಟರ್ ಹಿಂದೆ ಕೂತ ಹೇಮಾದಂಥ ಯಂತ್ರಗಳಿಗೆ ಅದು ಈಗಲೇ ಹೊಂದುತ್ತದೆ.